ಟ್ಯಾಂಕಿನ ನೀರನ್ನು ಬೆಳಕೇ ಕಾಯಲಿ

ಮಾನ್ಯರೇ,

ಕುಡಿಯುವ ನೀರಿಗೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಕ್ಲೋರಮಿನ್ ಎಂಬ ರೋಗಾಣುನಾಶಕ ಮಾಡುವ ಪದ್ಧತಿ ಹಲವು ಕಡೆ ಇದೆ. ಉದ್ದದ ಪೈಪುಗಳಲ್ಲೂ ಅದರ ಶಕ್ತಿ ಬೇಗ ಇಳಿಯುವುದಿಲ್ಲ, ಒಳ್ಳೆಯದೇ. ಆದರೆ ಉಳಿದ ಅಮೋನಿಯಾ ಕೆಲವು ಬ್ಯಾಕ್ಟೀರಿಯಾಗಳಿಗೆ ಊಟ. ನೀರು ದಿನಗಟ್ಟಲೆ ನಿಂತ ಟ್ಯಾಂಕಿನ ಕತ್ತಲೆ ಮೂಲೆ, ಗೋಡೆಗೆ ಅಂಟಿದ ತೆಳು ಲೋಳೆ, ಜೊತೆಗೆ ಸ್ವಲ್ಪ ಬೆಚ್ಚಗಿನ ನೀರು ಸಿಕ್ಕರೆ ಸಾಕು, ಅವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಆ ನೈಟ್ರೈಟ್ ಕ್ಲೋರಮಿನ್ನನ್ನೇ ತಿನ್ನುತ್ತದೆ. ಕ್ಲೋರಮಿನ್ ಇಳಿದಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಲೋಟದಲ್ಲಿ ಹಿಡಿದು ನೋಡಿದರೆ ನೀರು ತಿಳಿಯಾಗಿಯೇ ಕಾಣುತ್ತದೆ. ನನಗೆ ಆತಂಕ ಇರುವುದೇ ಅಲ್ಲಿ.

ಬಾಟಲಿಯಲ್ಲಿ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರೆ, ಉತ್ತರ ಬರುವಷ್ಟರಲ್ಲಿ ಪರಿಸ್ಥಿತಿ ಕೈಮೀರಿರಬಹುದು, ಅಲ್ವಾ? ನೈಟ್ರೈಟ್, ಮುಂದೆ ಅದರಿಂದಲೇ ಆಗುವ ನೈಟ್ರೇಟ್ ಎರಡೂ 250 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಪೈಪಿಗೇ ಕೂರಿಸಿದ ಆಪ್ಟಿಕಲ್ ಸೆನ್ಸರ್ (ಬೆಳಕಿನಿಂದ ಅಳೆಯುವ ಸಾಧನ) ಅವುಗಳ ಏರಿಳಿತವನ್ನು ನಿಮಿಷಗಳ ಅಂತರದಲ್ಲಿ ಅಳೆಯಬಲ್ಲದು. ಅದರ ಬೆಳಕು ಹಾಯುವ ಕಿಟಕಿಗೆ ಲೋಳೆ ಕಟ್ಟದಂತೆ ಒರೆಸುತ್ತಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಮೊದಲ ಸೆನ್ಸರನ್ನು ಶುದ್ಧೀಕರಣ ಘಟಕದ ಬಾಗಿಲಲ್ಲಿ ಇಡಬೇಡಿ. ನೀರು ಜಾಸ್ತಿ ಹೊತ್ತು ನಿಲ್ಲುವ, ಪೈಪಿನ ಕೊನೆಯ ಟ್ಯಾಂಕಿಗೆ ಹಾಕಿ.

– ಒಬ್ಬ ಓದುಗ