ಶಂಕರಮ್ಮನಿಗೆ ಕಾಗದ ಉಂಟಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಸಾಹಿತ್ಯದ ಯಾವ ಪಾತ್ರವನ್ನು ಮುಖತಃ ಕಾಣಲು ಬಯಸುತ್ತೀರಿ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಕೇಳಿದ್ದಿರಿ. ಬಂದ ಉತ್ತರಗಳನ್ನು ಎರಡು ವಾರದಿಂದ ಒಂದೂ ಬಿಡದೆ ಓದಿದ್ದೇನೆ. ಹೆಚ್ಚಿನವರು ಮೂಕಜ್ಜಿಯ ಹೆಸರು ಬರೆದಿದ್ದಾರೆ. ಕೈಗೆ ಕೊಟ್ಟ ವಸ್ತುವನ್ನು ಮುಟ್ಟಿ ಅದರ ಹಿಂದಿನ ಕಾಲವನ್ನೇ ಕಾಣುವ ಅಜ್ಜಿಯ ಮುಂದೆ ಕೂತು ನಾಲ್ಕು ಮಾತು ಕೇಳಬೇಕು ಎಂಬ ಆಸೆ ಯಾರಿಗಾದರೂ ಬರುವಂಥದ್ದೇ. ತೇಜಸ್ವಿಯವರ ಕರ್ವಾಲೋ ಮತ್ತು ಮಂದಣ್ಣನ ಜೊತೆ ಹಾರುವ ಓತಿ ಹುಡುಕಲು ಹೊರಟವರೂ ಇದ್ದಾರೆ. ಇವೆಲ್ಲದರ ನಡುವೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಬರೆದ ನಾಲ್ಕು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿ ಗುತ್ತಿಯ ಸಾಕುನಾಯಿ ಹುಲಿಯನನ್ನು ಕಾಣಬೇಕು, ತುಂಗೆಯ ನೆರೆಗೆ ಸಿಕ್ಕುವ ಮೊದಲು ಅವನ ಕೊರಳು ಹಿಡಿದುಕೊಳ್ಳಬೇಕು ಎಂದು ಬರೆದಿದ್ದಾಳೆ. ಆ ಮಗುವಿನ ಉತ್ತರ ಓದಿದ ಮೇಲೆ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಬಹುದು ಅನ್ನಿಸಿತು.

ನಾನು ಸುಳ್ಯ ತಾಲ್ಲೂಕಿನ ಒಂದು ಬ್ರಾಂಚ್ ಪೋಸ್ಟ್ ಆಫೀಸಿನಲ್ಲಿ 1979ರಿಂದ 2020ರವರೆಗೆ ಕಾಗದ ಹಂಚಿದವನು. ಮೊದಲು ನಮ್ಮನ್ನು ಇ.ಡಿ., ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಎನ್ನುತ್ತಿದ್ದರು, ಆಮೇಲೆ ಗ್ರಾಮೀಣ ಡಾಕ್ ಸೇವಕ ಎಂದು ಹೆಸರಾಯಿತು. ಹೆಸರು ಬದಲಾದರೂ ನಡಿಗೆ ಅದೇ. ನಮ್ಮ ಕಡೆ ಮನೆಗಳು ಸಾಲಾಗಿ ಇರುವುದಿಲ್ಲ. ಒಬ್ಬರ ಅಂಗಳ ಇಳಿದು, ತೋಟ ದಾಟಿ, ಗುಡ್ಡ ಹತ್ತಿದರೆ ಇನ್ನೊಬ್ಬರ ಅಂಗಳ. ಮಳೆಗಾಲದಲ್ಲಿ ಇಂಬಳ ಕಿತ್ತು ಕಿತ್ತು ಎಸೆಯುತ್ತ, ಅಡಿಕೆ ಮರದ ಸಂಕದ ಮೇಲೆ ಚೀಲ ನೆನೆಯದಂತೆ ಎದೆಗವಚಿಕೊಂಡು ದಾಟಬೇಕು. ಗಿರೀಶ್ ಭಾರದ್ವಾಜರು ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದ್ದು 1989ರಲ್ಲಿ. ಅಂಥ ಸೇತುವೆಗಳು ಬರುವ ಮೊದಲು ಹೊಳೆಯಾಚೆಯ ಮನೆಗಳಿಗೆ ಆಷಾಢದಲ್ಲಿ ಕಾಗದ ಮುಟ್ಟುವುದೇ ಒಂದು ಸಾಹಸವಾಗಿತ್ತು.

ಪಂಚಾಯತಿನ ಲೈಬ್ರರಿಯಲ್ಲಿ ನನಗೆ ‘ಬೆಟ್ಟದ ಜೀವ’ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಶಿವರಾಮ ಕಾರಂತರು 1943ರಲ್ಲಿ ಬರೆದ ಕಾದಂಬರಿ. ದಾರಿ ತಪ್ಪಿದ ಒಬ್ಬರು ಕುಮಾರಪರ್ವತದ ತಪ್ಪಲಿನ ಕಾಡಿನೊಳಗಿನ ಒಂದು ಮನೆಗೆ ಬರುತ್ತಾರೆ. ಮನೆಯಲ್ಲಿ ಇಬ್ಬರು ವೃದ್ಧರು, ಗೋಪಾಲಯ್ಯ ಮತ್ತು ಶಂಕರಮ್ಮ. ಅವರ ಮಗ ಶಂಭು ಮನೆ ಬಿಟ್ಟು ಹೋದವನು. ಓದುವಾಗ ಪ್ರತಿ ಪುಟದಲ್ಲೂ ನಾನು ಕಾಗದ ಹಂಚುವ ಬೀಟಿನ ದಾರಿಯೇ ಕಾಣುತ್ತಿತ್ತು. ಕಾಡು ಕಡಿದು ತೋಟ ಎಬ್ಬಿಸಿದ, ಬಂದವರನ್ನು ಬಿಡದೆ ಕೂರಿಸಿಕೊಳ್ಳುವ, ಮಾತಿಗೊಮ್ಮೆ ಹೆಂಡತಿಯನ್ನು ಕೆಣಕುವ ಗೋಪಾಲಯ್ಯನವರೇ ಆಗ ನನ್ನ ಕಣ್ಣು ತುಂಬಿದ್ದರು. ಅವರನ್ನು ಕಾಣಬೇಕು, ಅವರ ತೋಟದಲ್ಲಿ ಒಂದು ಸುತ್ತು ಬರಬೇಕು ಅನ್ನಿಸುತ್ತಿತ್ತು. ಶಂಕರಮ್ಮನವರನ್ನು ಆಗ ನಾನು ಸರಿಯಾಗಿ ನೋಡಿರಲೇ ಇಲ್ಲ.

ನೋಡುವಂತೆ ಮಾಡಿದ್ದು ನನ್ನ ಬೀಟಿನಲ್ಲಿದ್ದ ಒಬ್ಬ ತಾಯಿ. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ. ಮೊದಲೆರಡು ವರ್ಷ ತಿಂಗಳಿಗೊಂದು ಮನಿಯಾರ್ಡರ್, ಅದರ ಚೀಟಿಯ ತುದಿಯಲ್ಲಿ ಎರಡು ಸಾಲು. ಆ ಎರಡು ಸಾಲನ್ನು ನಾನೇ ಓದಿ ಹೇಳುತ್ತಿದ್ದೆ. ಆಮೇಲೆ ಅದು ನಿಂತಿತು. ಯಾಕೆ ನಿಂತಿತೆಂದು ಯಾರಿಗೂ ತಿಳಿಯಲಿಲ್ಲ. ಅವರು ದಿನಾ ನಾನು ಹೋಗುವ ಹೊತ್ತಿಗೆ ತೋಟದ ತಡಮೆಯ ಹತ್ತಿರ ಬಂದು ನಿಂತಿರುತ್ತಿದ್ದರು. “ಕಾಗದ ಉಂಟಾ ಮಗಾ?” ನಾನು ಎಳೆಯ ಪ್ರಾಯದವನು, ಮುಂದೆ ಇನ್ನೂ ಎಂಟು ಮನೆ ಬಾಕಿ. ದೂರದಿಂದಲೇ ಕೈ ಆಡಿಸಿ ಇಲ್ಲ ಎಂದು ತೋರಿಸಿ ಮೇಲಿನ ದಾರಿ ಹಿಡಿಯುತ್ತಿದ್ದೆ. ಹಾಗೆ ಎಷ್ಟು ತಿಂಗಳು ಮಾಡಿದೆನೋ.

ಒಂದು ದಿನ ಜ್ವರ ಬಂದು ನಡೆಯಲಾರದೆ ಅವರ ಜಗಲಿಯಲ್ಲೇ ಕೂತುಬಿಟ್ಟೆ. ಅವರು ಬೆಲ್ಲ, ನೀರು ತಂದಿಟ್ಟರು. ಕಾಗದದ ಮಾತು ಎತ್ತಲಿಲ್ಲ. ಮಗ ಚಿಕ್ಕವನಿದ್ದಾಗ ಹಲಸಿನ ಮರದಿಂದ ಬಿದ್ದ ಕಥೆ ಹೇಳಿದರು, ಹಟ್ಟಿಯ ಗಬ್ಬದ ದನವನ್ನು ತೋರಿಸಿದರು, ಹೊರಡುವಾಗ ಒಂದು ಬಾಳೆಗೊನೆಯ ಚಿಪ್ಪು ಕಟ್ಟಿ ಕೊಟ್ಟರು. ಅವರು ಕಾಯುತ್ತಿದ್ದದ್ದು ಕಾಗದಕ್ಕೆ ನಿಜ. ಆದರೆ ಬಂದವನೊಬ್ಬ ಎರಡು ನಿಮಿಷ ಕೂತರೂ ಆ ದಿನ ಅವರಿಗೆ ಕಳೆಯುತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ. ಆ ರಾತ್ರಿ ‘ಬೆಟ್ಟದ ಜೀವ’ವನ್ನು ಮತ್ತೆ ತೆಗೆದೆ. ಗೋಪಾಲಯ್ಯನವರ ಅಷ್ಟೂ ಮಾತಿನ ಅಡಿಯಲ್ಲಿ ಏನಿದೆಯೆಂದು ಆ ಸಲ ಕಂಡಿತು. ಅವರು ದುಃಖವನ್ನು ತಮಾಷೆಯಲ್ಲಿ ಮುಚ್ಚಿಡುತ್ತಾರೆ. ಶಂಕರಮ್ಮನವರಿಗೆ ಮುಚ್ಚಿಡಲು ಬರುವುದಿಲ್ಲ. ಬಂದ ಅತಿಥಿಗೆ ಬಡಿಸುವಾಗಲೂ ಅವರ ಒಂದು ಕಣ್ಣು ಹಾದಿಯ ಮೇಲೆಯೇ ಇದೆಯೇನೋ ಅನ್ನಿಸಿತು.

ಕಾಣಲು ಸಾಧ್ಯವಾದರೆ ನಾನು ಹೋಗುವುದು ಅವರ ಮನೆಗೆ.

ಕಾರಂತರ ಪುಸ್ತಕಗಳಲ್ಲಿ ನಾನು ಹೋಗಬೇಕಾದ ಮನೆ ಅದೊಂದೇ ಅಲ್ಲ. ‘ಮರಳಿ ಮಣ್ಣಿಗೆ’ಯ ನಾಗವೇಣಿ, ಮದರಾಸಿಗೆ ಓದಲು ಹೋದ ಮಗನ ದಾರಿ ನೋಡಿದವಳು. ಅವಳ ಕೈಯ ಪಿಟೀಲನ್ನು ಒಮ್ಮೆ ಕೇಳಬೇಕೆಂಬ ಆಸೆ ನನ್ನ ಹೆಂಡತಿಗೆ, ಅವಳ ಪರವಾಗಿ ಇಲ್ಲಿ ಬರೆದಿದ್ದೇನೆ.

ಚೋಮನ ಗುಡಿಸಲಿನ ವಿಷಯ ಬೇರೆ. ಅಲ್ಲಿಗೆ ಹೋಗಲು ನನಗೆ ಧೈರ್ಯ ಸಾಲದು. ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಎತ್ತುಗಳಿದ್ದೂ ಉಳಲು ಅಂಗೈಯಗಲ ಗದ್ದೆ ಸಿಗದೆ ಸತ್ತವನು ಅವನು. ಅವನ ಜಾತಿಯವರಿಗೆ ಬೇಸಾಯ ಸಲ್ಲದೆಂದು ಊರೇ ವಿಧಿಸಿತ್ತು. ನಾನು ಕೆಲಸಕ್ಕೆ ಸೇರಿದ ವರ್ಷಗಳಲ್ಲಿ 1974ರ ಭೂಸುಧಾರಣೆಯ ಡಿಕ್ಲರೇಶನ್ ಕೇಸುಗಳು, ಅಂದರೆ ಉಳುವ ಭೂಮಿ ತಮಗೆ ಬರಬೇಕೆಂದು ಒಕ್ಕಲುಗಳು ಕೊಟ್ಟ ಅರ್ಜಿಗಳ ವಿಚಾರಣೆಗಳು ನಡೆಯುತ್ತಿದ್ದವು. ಭೂ ನ್ಯಾಯಮಂಡಳಿಯಿಂದ ಬಂದ ರಿಜಿಸ್ಟರ್ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಒಕ್ಕಲುಗಳ ಕೈ ನಡುಗುವುದನ್ನು ಕಂಡಿದ್ದೇನೆ. ಅಂಥದ್ದೊಂದು ಕಾಗದವನ್ನು ಚೋಮನ ಕೈಗೆ ಕೊಟ್ಟ ಹಾಗೆ ಎಷ್ಟೋ ಸಲ ಕಲ್ಪಿಸಿಕೊಂಡೆ. ಆಮೇಲೆ ಹೊಳೆಯಿತು, ಅವನಿಗೆ ಆ ಕಾಗದವೂ ಬರುತ್ತಿರಲಿಲ್ಲ. ಡಿಕ್ಲರೇಶನ್ ಕೊಡಲು ಗೇಣಿ ಒಕ್ಕಲಾಗಿರಬೇಕು. ಚೋಮ ಧಣಿ ಸಂಕಪ್ಪಯ್ಯನವರ ಮೂಲದ ಆಳು, ಅಂದರೆ ಜೀತದವನು, ಒಕ್ಕಲುತನವೂ ಅವನ ಪಾಲಿಗಿರಲಿಲ್ಲ. ನನ್ನ ಬೀಟಿನಲ್ಲಿ ಹಾಗೆ ಯಾವ ಕಾಗದವೂ ಬಾರದ ಮನೆಗಳಿದ್ದವು. ಕೊಡುವುದೇನೂ ಇಲ್ಲವೆಂದು ಆ ಮನೆಗಳ ಕಡೆ ನಾನು ಹೋಗಿದ್ದೇ ಕಡಿಮೆ. ಇದನ್ನು ನೆನೆದಾಗೆಲ್ಲ ಮನಸ್ಸು ಕುಗ್ಗುತ್ತದೆ.

ಕಳೆದ ವಾರ ಒಬ್ಬ ಓದುಗರು ಹಳೆಯ ಕಾದಂಬರಿಗಳ ಪಾತ್ರಗಳು ಈಗಿನವರಿಗೆ ದೂರ ಎಂದು ಬರೆದಿದ್ದಾರೆ. ಅವರು ಒಮ್ಮೆ ನಮ್ಮ ಕಡೆಗೆ ಬರಲಿ. ಎಂಟು ಕೋಣೆಯ ಮನೆ, ಅಂಗಳ ತುಂಬ ಒಣಗಿದ ಅಡಿಕೆ, ಒಳಗೆ ಇಬ್ಬರೇ ವೃದ್ಧರು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಇವರ ಮಕ್ಕಳು ಶಂಭುವಿನ ಹಾಗೆ ಬಿಟ್ಟು ಹೋದವರಲ್ಲ, ರಾತ್ರಿ ವಿಡಿಯೋ ಕಾಲ್ ಮಾಡುತ್ತಾರೆ. ಆದರೂ ಹಗಲು ಯಾವುದಾದರೂ ಬೈಕಿನ ಸದ್ದಾದರೆ ಆ ಅಮ್ಮಂದಿರು ಜಗಲಿಗೆ ಬಂದು ನೋಡುವ ರೀತಿ ನನಗೆ ಗೊತ್ತು.

ನಿಮ್ಮಲ್ಲಿ ಒಂದು ಬಿನ್ನಹ. ಮುಂದಿನ ವಾರ ಜಾಗವಿದ್ದರೆ ಪಟ್ಟಿಗೆ ಶಂಕರಮ್ಮನ ಹೆಸರನ್ನೂ ಸೇರಿಸಿ. ಹಾಗೆಯೇ, ಆ ಪಾತ್ರ ಎದುರಾದರೆ ಅವರಿಗಾಗಿ ಏನು ಒಯ್ಯುತ್ತೀರಿ ಎಂದು ಓದುಗರನ್ನು ಕೇಳಿ. ಹುಲಿಯನ ಕೊರಳು ಹಿಡಿಯಬೇಕೆಂದ ಆ ಹುಡುಗಿಯಂಥವರು ಇನ್ನಷ್ಟು ಮಂದಿ ಇರಬಹುದು.

ನಾನು ಏನು ಒಯ್ಯುತ್ತೇನೆ ಎಂದು ಕೇಳಿದರೆ, ಚೀಲದಲ್ಲಿ ಶಂಭುವಿನ ಕಾಗದ ಇಲ್ಲ. ಕಾರಂತರು ಬರೆಯದ ಕಾಗದವನ್ನು ನಾನು ಎಲ್ಲಿಂದ ತರಲಿ? ಆದರೆ ಈ ಸಲ ದೂರದಿಂದ ಕೈ ಆಡಿಸುವುದಿಲ್ಲ. ಅಂಗಳ ಇಳಿದು, ಕಾಲು ತೊಳೆದು, ಜಗಲಿಯಲ್ಲಿ ಕೂರುತ್ತೇನೆ. ಅವರು ಕೊಟ್ಟ ನೀರು ಕುಡಿಯುತ್ತೇನೆ. ಶಂಭು ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳುತ್ತೇನೆ. ಅವರು ಹೇಳಿ ಮುಗಿಸಿದ ಮೇಲೆಯೇ, “ಇವತ್ತು ಇಲ್ಲ ಅಮ್ಮ” ಎನ್ನುತ್ತೇನೆ.

ಇಂತಿ,
ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್
ಸುಳ್ಯ ತಾಲ್ಲೂಕು, ದಕ್ಷಿಣ ಕನ್ನಡ