ಹಳ್ಳಿಯ ಶುಗರ್ ತಪಾಸಣೆಗೆ ನಿಮ್ಮ ಕೈಲಾದಷ್ಟು ಕೊಡಿ

ಭಕ್ತರಿಗೂ, ಊರು ಬಿಟ್ಟು ಬೆಂಗಳೂರು, ದಾವಣಗೆರೆ ಸೇರಿರುವ ನಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ ಚಳ್ಳಕೆರೆ ಸೀಮೆಯ ನಮ್ಮ ದೇವಸ್ಥಾನ ಟ್ರಸ್ಟ್‌ನಿಂದ ಶರಣು.

ಸೋಮವಾರದ ದಾಸೋಹದಲ್ಲಿ ಪಾಯಸದ ಬಕೆಟ್ ಬಂದ ಕೂಡಲೇ ಎಲೆಗೆ ಕೈ ಅಡ್ಡ ಹಿಡಿದು "ಶುಗರ್ ಐತೆ, ಬ್ಯಾಡ" ಅನ್ನುವವರು ಈಗ ಪ್ರತಿ ಪಂಕ್ತಿಯಲ್ಲೂ ಇದ್ದಾರೆ. ಅವರಿಗೆ ಕಾಯಿಲೆ ಇರುವುದು ಗೊತ್ತಿದೆ, ಮಾತ್ರೆ ನುಂಗುತ್ತಾರೆ. ಗೊತ್ತಿಲ್ಲದೆಯೇ ಪಕ್ಕದಲ್ಲಿ ಕೂತು ಎರಡನೇ ಸಲ ಹಾಕಿಸಿಕೊಳ್ಳುವವರದ್ದೇ ನಮಗೆ ಚಿಂತೆ.

ಇದು ಪೇಟೆಯವರ ಕಾಯಿಲೆ ಅಂತ ನಮ್ಮ ಕಡೆ ಇನ್ನೂ ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ 2008ರಿಂದ 2020ರವರೆಗೆ ದೇಶದ ಉದ್ದಗಲಕ್ಕೂ 1 ಲಕ್ಷ 13 ಸಾವಿರ ಜನರ ಸಮೀಕ್ಷೆ ನಡೆಯಿತು. ಅದರ ಲೆಕ್ಕ 2023ರಲ್ಲಿ ಹೊರಬಂತು. 20 ವರ್ಷ ದಾಟಿದವರಲ್ಲಿ ನೂರಕ್ಕೆ 11 ಜನರಿಗೆ ಶುಗರ್ ಇದೆ. ಅಂದರೆ ದೇಶದಲ್ಲಿ ಸುಮಾರು 10 ಕೋಟಿ ಜನ. ಪೇಟೆಯಲ್ಲಿ ಶೇ. 16.4, ಹಳ್ಳಿಯಲ್ಲಿ ಶೇ. 8.9. ಪೇಟೆಯಲ್ಲೇ ಜಾಸ್ತಿ, ನಿಜ. ಆದರೆ ಇವತ್ತೋ ನಾಳೆಯೋ ಶುಗರ್ ಬರುವ ಅಂಚಿನಲ್ಲಿ ನಿಂತವರು ಎರಡೂ ಕಡೆ ಹೆಚ್ಚುಕಮ್ಮಿ ಸಮ, ನೂರಕ್ಕೆ 15. ನಮ್ಮನ್ನು ಹೆದರಿಸಿದ್ದು ಈ ಅಂಕಿ. ಅಂಚಿನಲ್ಲಿರುವಾಗಲೇ ಗೊತ್ತಾದರೆ ಊಟ, ನಡಿಗೆ ಸರಿಮಾಡಿಕೊಂಡು ಎಷ್ಟೋ ಜನ ತಪ್ಪಿಸಿಕೊಳ್ಳಬಹುದು.

ಹೋದ ಶೇಂಗಾ ಸುಗ್ಗಿಯಲ್ಲಿ ನಮ್ಮೂರ ಹಿರಿಯರೊಬ್ಬರ ಕಾಲಿಗೆ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿದಿತ್ತು. ಅವರಿಗೆ ನೋವೇ ಆಗಲಿಲ್ಲ. ಕೀವು ಕಂಡಿದ್ದು ಸೊಸೆಗೆ. ಆಸ್ಪತ್ರೆಗೆ ಹೋದಾಗಲೇ ಶುಗರ್ ಇರುವುದು ತಿಳಿದದ್ದು. ಎರಡು ಬೆರಳು ತೆಗೆಯಬೇಕಾಯಿತು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಪಾದದ ನರ ಮರಗಟ್ಟುತ್ತದೆ. ಕಣ್ಣು, ಕಿಡ್ನಿ ಕೂಡ ಹೀಗೇ ಸದ್ದಿಲ್ಲದೆ ಹಾಳಾಗುತ್ತವೆ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಈ ತಪಾಸಣೆ ಉಚಿತ. ಆದರೆ ಆಸ್ಪತ್ರೆ ತೆರೆಯುವ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಸುಮ್ನೆ ಯಾರು ಹೋಗ್ತಾರೆ, ಅಲ್ವಾ? ಅದಕ್ಕೇ ಬೆಳಿಗ್ಗೆ 6ಕ್ಕೆ, ಇನ್ನೂ ಖಾಲಿ ಹೊಟ್ಟೆಯಲ್ಲಿರುವಾಗಲೇ, ಕೇರಿ ಕೇರಿಗೆ ಹೋಗಿ ಬೆರಳ ತುದಿಯ ಹನಿ ರಕ್ತ ನೋಡಬೇಕು ಅಂತ ತೀರ್ಮಾನಿಸಿದ್ದೇವೆ. ಜಾಸ್ತಿ ಬಂದವರನ್ನು ಲ್ಯಾಬ್ ಪರೀಕ್ಷೆಗೆ ನಾವೇ ಕರೆದುಕೊಂಡು ಹೋಗುತ್ತೇವೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಮೇಲಿದ್ದರೆ ಡಾಕ್ಟರೇ ನೋಡಬೇಕು. ಮಿಷನ್ ಒಂದನ್ನೇ ನಂಬಿ ಯಾರಿಗೂ ಮಾತ್ರೆ ಕೊಡುವುದಿಲ್ಲ.

ಖರ್ಚಿನ ದೊಡ್ಡ ಪಾಲು ಹನಿ ರಕ್ತ ಹಾಕಿ ಮಿಷನ್‌ಗೆ ಸಿಕ್ಕಿಸುವ ಸ್ಟ್ರಿಪ್‌ಗೆ. ಒಂದಕ್ಕೆ ಸುಮಾರು 20 ರೂಪಾಯಿ, ಒಬ್ಬರಿಗೆ ಒಂದು ಬೇಕೇಬೇಕು. 1000 ರೂಪಾಯಿ ಕೊಟ್ಟರೆ 50 ಜನರ ತಪಾಸಣೆ ಆಗುತ್ತದೆ. ಪಾದದ ಸ್ಪರ್ಶ ಹೋದವರಿಗೆ ಮೆತ್ತನೆ ಚಪ್ಪಲಿ ಕೊಡಿಸಬೇಕು ಅಂತಲೂ ಇದೆ. ಮಗನ ನಾಮಕರಣ, ಅಪ್ಪನ ಪುಣ್ಯಸ್ಮರಣೆ ಅಂತ ದಾಸೋಹಕ್ಕೆ ಬರೆಸುವವರು ಈ ಸಲ ಒಂದು ಕೇರಿಯ ತಪಾಸಣೆಗೆ ಬರೆಸಿ. ಹಣವನ್ನು ದೇವಸ್ಥಾನದ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಖರ್ಚಿನ ಲೆಕ್ಕವನ್ನು ಪ್ರತಿ ಅಮಾವಾಸ್ಯೆಗೆ ಬಾಗಿಲ ಪಕ್ಕದ ಹಲಗೆಗೆ ಅಂಟಿಸುತ್ತೇವೆ. ಜಾತ್ರೆಗೆ ಊರಿಗೆ ಬಂದಾಗ ನೀವೂ ಒಮ್ಮೆ ಬೆರಳು ಕೊಡಿ.