ಪುಟ್ಟರಾಜ ಗವಾಯಿಗಳ ನೆನಪಿಗೆ ಬ್ರೈಲ್ ಮತ್ತು ಆಡಿಯೋ ಓದುಕೋಣೆ ಕೋರಿ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಪೌರಾಯುಕ್ತರು,
ಗದಗ-ಬೆಟಗೇರಿ ನಗರಸಭೆ, ಗದಗ

ವಿಷಯ: ಪಂ. ಪುಟ್ಟರಾಜ ಗವಾಯಿಗಳ ಸ್ಮರಣಾರ್ಥ, ಕಣ್ಣು ಕಾಣದವರು ತಾವಾಗಿಯೇ ಓದಬಹುದಾದ ಕೋಣೆ ತೆರೆಯುವ ಬಗ್ಗೆ.

ಮಾನ್ಯರೇ,

ಪುಟ್ಟರಾಜ ಗವಾಯಿಗಳು ಅಂದಕೂಡಲೇ ನಮಗೆಲ್ಲ ಸಂಗೀತ ನೆನಪಾಗುತ್ತದೆ. ಅಜ್ಜಾರು ಬರಹಗಾರರೂ ಆಗಿದ್ದರು ಅನ್ನುವ ಮಾತು ಹಿಂದೆ ಸರಿದುಬಿಡುತ್ತದೆ. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಅವರು ಬರೆದರು. ಹಿಂದಿಯಲ್ಲಿ ಬಸವಪುರಾಣ ರಚಿಸಿದರು. ನಾಟಕಗಳನ್ನಂತೂ ಹೊಟ್ಟೆಪಾಡಿಗಾಗಿಯೇ ಬರೆದರು. ಅದು ಅವರ ಹೊಟ್ಟೆಯಲ್ಲ, ಆಶ್ರಮದ ಮಕ್ಕಳದು.

1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಅವರು ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡರು. ಕೈಹಿಡಿದು ಬೆಳೆಸಿದ ಗುರು ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡರು. ಆಗ ಇವರಿಗೆ ಮೂವತ್ತು ವರ್ಷ. ಯುದ್ಧದ ಕಾಲ ಬೇರೆ, ಕಾಳು-ಕಡಿ ಸಿಗುವುದೇ ಕಷ್ಟ. ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳು, ಬಡ ಮಕ್ಕಳು, ಎಲ್ಲರ ಊಟ, ವಸತಿ, ಪಾಠದ ಭಾರ ಅವರ ಮೇಲೆ ಬಿತ್ತು. ಆಶ್ರಮದ್ದೇ ನಾಟಕ ಕಂಪನಿ ಊರೂರು ತಿರುಗಿ ಅಜ್ಜಾರ ನಾಟಕ ಆಡಿತು. ಗಲ್ಲೆಯ ದುಡ್ಡಿನಿಂದ ಮಕ್ಕಳ ತಟ್ಟೆಗೆ ರೊಟ್ಟಿ ಬಿತ್ತು. ಒಂದು ಮಗುವಿನಿಂದಲೂ ಶುಲ್ಕ ಕೇಳಲಿಲ್ಲ. ಮುಂದೆ ಭಕ್ತರು ಮಾಡಿದ ತುಲಾಭಾರಗಳ ಹಣವೂ ಆಶ್ರಮಕ್ಕೇ ಹೋಯಿತು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ನಮ್ಮನ್ನು ಅಗಲಿದರು.

ಇಂಥವರಿಗೆ ಇನ್ನೊಂದು ಫಲಕವೋ ಕಮಾನೋ ಬೇಡ ಅಂತ ನಮ್ಮ ಅಭಿಪ್ರಾಯ. ಅವರು ಬರೆದದ್ದನ್ನು ಅವರಂಥ ಮಕ್ಕಳು ಯಾರ ಹಂಗೂ ಇಲ್ಲದೆ ಓದುವಂತಾಗಬೇಕು, ಅಲ್ವಾ?

ಅದಕ್ಕೆ ನಗರದಲ್ಲಿ ಒಂದು ಕೋಣೆ ಸಾಕು. ನೆಲಮಹಡಿಯಲ್ಲೇ ಇರಲಿ, ಬಾಗಿಲಿಗೆ ಇಳಿಜಾರು ದಾರಿ ಇರಲಿ. ಅಜ್ಜಾರ ಪುಸ್ತಕಗಳ ಬ್ರೈಲ್ ಪ್ರತಿಗಳು, ಓದಿ ಧ್ವನಿಮುದ್ರಿಸಿದ ಪ್ರತಿಗಳು, ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಕಂಪ್ಯೂಟರ್ ಬೇಕು. ಶಾಲಾ ಪಠ್ಯ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಸೇರಿದರೆ ಜಾಸ್ತಿ ಜನರಿಗೆ ಉಪಯೋಗ. ಸುಮ್ನೆ ಕೋಣೆ ತೆರೆದು ಬೀಗ ಹಾಕಿಡುವಂತಾಗಬಾರದು. ಬ್ರೈಲ್ ಬಲ್ಲ ಒಬ್ಬರನ್ನು ನೇಮಿಸಬೇಕು, ಆ ಕೆಲಸ ದೃಷ್ಟಿಹೀನರಿಗೇ ಸಿಕ್ಕರೆ ನಮಗೆ ಹೆಚ್ಚು ಸಂತೋಷ.

ಹಣಕ್ಕೆ ದಾರಿ ಇದೆ. ಅಂಗವಿಕಲರ ಕಲ್ಯಾಣಕ್ಕೆಂದು ಮೀಸಲಿಡುವ ಶೇ. 5ರ ನಿಧಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹಕ್ಕುಸ್ವಾಮ್ಯದ ತೊಡಕೂ ಇಲ್ಲ. 2012ರ ಕಾನೂನು ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದೆ ಅಂಗವಿಕಲರಿಗಾಗಿ ಇಂಥ ಪ್ರತಿ ಮಾಡಿಕೊಳ್ಳಬಹುದು. ಆದರೂ ಆಶ್ರಮದ ಹಿರಿಯರನ್ನು ಕೇಳಿಯೇ ಕೆಲಸ ಶುರುಮಾಡುವುದು ಮರ್ಯಾದೆ.

ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಲು ನಮ್ಮಲ್ಲಿ ಶಿಕ್ಷಕರು, ರಂಗಭೂಮಿಯವರು, ಕಾಲೇಜು ಹುಡುಗ ಹುಡುಗಿಯರು ಸಿದ್ಧರಿದ್ದಾರೆ. ಅದಕ್ಕೆ ಸಂಭಾವನೆ ಬೇಡ. ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಈ ಮನವಿಯನ್ನು ಸೇರಿಸಿ, ಸಭೆಗೆ ಮುಂಚೆ ನಮ್ಮ ನಿಯೋಗಕ್ಕೆ ಅರ್ಧ ಗಂಟೆ ಸಮಯ ಕೊಡಬೇಕಾಗಿ ಕೋರುತ್ತೇವೆ. ನಿಯೋಗದಲ್ಲಿ ದೃಷ್ಟಿಹೀನ ಓದುಗರೂ ಇರುತ್ತಾರೆ. ಕೋಣೆ ಹೇಗಿರಬೇಕು ಅಂತ ದಯವಿಟ್ಟು ಅವರ ಬಾಯಿಂದಲೇ ಕೇಳಿ.

ತಮ್ಮ ವಿಶ್ವಾಸಿಗಳು,
ಗದಗ-ಬೆಟಗೇರಿ ಅವಳಿ ನಗರದ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)